ಎಮಿಲಿ ಅಜ್ಜಿಯ ಗೆಣಸಿನ ಬಳ್ಳಿ



ಆಸ್ಟ್ರೇಲಿಯಾದ ಬಾನುಲಿಯಲ್ಲಿ ಇಂಥದೊಂದು ಭಾಷಣ ಶುರುವಾಗುವ ಮುಂಚೆ ಒಂದು ಸೂಚನೆ ಕೇಳಿಸುವುದುಂಟು. ಮುಂದಿನ ಕಾರ್ಯಕ್ರಮದಲ್ಲಿ ತೀರಿಕೊಂಡ ಮೂಲನಿವಾಸಿಯೊಬ್ಬರ ಹೆಸರು ಬರಲಿದೆ, ಕೇಳುವವರಲ್ಲಿ ಅವರ ಕಡೆಯವರಿದ್ದರೆ ಎಚ್ಚರವಿರಲಿ, ಎಂದು. ಅಲ್ಲಿಯ ಮರುಭೂಮಿಯ ಅನೇಕ ಕುಲಗಳಲ್ಲಿ ಸತ್ತವರ ಹೆಸರನ್ನು ಬಹಳ ಕಾಲ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅದೇ ಹೆಸರಿನವರು ಬದುಕಿದ್ದರೆ ಅವರನ್ನೂ ಬೇರೆ ಹೆಸರಿನಿಂದ ಕರೆಯುತ್ತಾರೆ. ನಾನು ಈ ಹೊತ್ತು ಯಾರ ಬಗ್ಗೆ ಮಾತಾಡಬೇಕೆಂದಿದ್ದೇನೋ ಆ ಹೆಣ್ಣುಮಗಳು ತೀರಿಕೊಂಡದ್ದು 1996ರಲ್ಲಿ. ಈಗ ಅವರ ಹೆಸರಿನ ದೊಡ್ಡ ಪ್ರದರ್ಶನಗಳು ಅವರ ಊರಿನವರ ಜತೆಗೂಡಿಯೇ ನಡೆಯುತ್ತಿರುವುದರಿಂದ ನಾವೂ ಆ ಹೆಸರು ಹೇಳಬಹುದು. ಎಮಿಲಿ ಕಾಮೆ ಉಂಗ್ವಾರೆ.

ಇವರು ಚಿತ್ರ ಬರೆಯುವವರು. ಕ್ಯಾನ್ವಾಸಿನ ಮೇಲೆ ಬಣ್ಣ ಹಚ್ಚಲು ಶುರು ಮಾಡಿದಾಗ ವಯಸ್ಸು ಎಪ್ಪತ್ತೆಂಟರ ಹತ್ತಿರ. ಆಮೇಲೆ ಬದುಕಿದ್ದು ಎಂಟೇ ವರ್ಷ. ಅಷ್ಟರಲ್ಲಿ ಸುಮಾರು 3000 ಚಿತ್ರ ಬರೆದರು ಎಂಬುದು ಎಲ್ಲರೂ ಹೇಳುವ ಲೆಕ್ಕ. ಹೆಚ್ಚುಕಡಿಮೆ ದಿನಕ್ಕೊಂದು. ನಮ್ಮ ಬೀದರ ಜಿಲ್ಲೆಯ ಠಾಣಾ ಕುಶನೂರಿಗೂ ಔರಾದಿಗೂ ಇವರಿಗೂ ಎಲ್ಲಿಯ ಸಂಬಂಧ ಅಂತ ನೀವು ಕೇಳಬಹುದು. ಸಂಬಂಧ ಇದೆ, ಅದೂ ಬೇರಿನ ಸಂಬಂಧ. ಅಲ್ಲಿಗೆ ಬರುತ್ತೇನೆ.

ಮೊದಲು ಊರು. ಆಸ್ಟ್ರೇಲಿಯಾ ಖಂಡದ ನಟ್ಟನಡುವೆ ಆಲಿಸ್ ಸ್ಪ್ರಿಂಗ್ಸ್ ಎಂಬ ಪಟ್ಟಣ. ಅಲ್ಲಿಂದ ಈಶಾನ್ಯಕ್ಕೆ ಇನ್ನೂರು ಕಿಲೋಮೀಟರಿಗೂ ಮಿಕ್ಕಿ ಹೋದರೆ ಯುಟೋಪಿಯಾ ಎಂಬ ಸೀಮೆ. ಮರುಭೂಮಿ ಅಂದ ಕೂಡಲೇ ನಮ್ಮ ಕಣ್ಣಿಗೆ ರಾಜಸ್ಥಾನದ ಮರಳಿನ ದಿಬ್ಬ ಕಟ್ಟುತ್ತದೆ. ಅದು ಹಾಗಿಲ್ಲ. ಬೀದರ ಕೋಟೆಯ ಕಂದಕದಲ್ಲಿ ಕಾಣುವ ಮುರುಮಿನ ಕೆಂಪಿದೆಯಲ್ಲ, ಆ ಕೆಂಪು ನೆಲ ದಿಗಂತದ ತನಕ. ಅದರ ಮೇಲೆ ಕುರುಚಲು ಮರ, ಚುಚ್ಚುವ ಹುಲ್ಲಿನ ಗುಂಪು. ಸ್ಯಾಂಡೋವರ್ ಎಂಬ ನದಿ ಇದೆ, ವರ್ಷದ ಬಹುಪಾಲು ಬರಿ ಉಸುಕು. ಮಳೆ ಆಲಿಸ್ ಸ್ಪ್ರಿಂಗ್ಸಿನಲ್ಲಿ ವರ್ಷಕ್ಕೆ ಸರಾಸರಿ 300 ಮಿಲಿಮೀಟರಿಗಿಂತ ಕಡಿಮೆ. ನಮ್ಮ ಜಿಲ್ಲೆಯಲ್ಲಿ ಅಷ್ಟು ಮಳೆ ಒಂದು ತಿಂಗಳಲ್ಲೇ ಸುರಿದು ಹೋದದ್ದುಂಟು. ಆದರೆ ಅಲ್ಲಿ ಮಳೆ ಬಿದ್ದರೆ ವಾರ ಹತ್ತು ದಿನದಲ್ಲಿ ನೆಲದ ಬಣ್ಣವೇ ಬದಲಾಗುತ್ತದೆ. ಹಸಿರು, ಹಳದಿ, ನೇರಳೆ, ಬಿಳಿ ಹೂವು. ಎಮಿಲಿಯವರ ಬಣ್ಣದ ಚಿತ್ರಗಳನ್ನು ನೋಡಿ ಇಷ್ಟು ಬಣ್ಣ ಮರುಭೂಮಿಯಲ್ಲಿ ಎಲ್ಲಿಂದ ಬಂತು ಎಂದು ಕೇಳಿದವರಿಗೆ ಆ ಮಳೆ ಗೊತ್ತಿರಲಿಲ್ಲ, ಅಷ್ಟೇ.

ಈ ಸೀಮೆಯ ಅಲ್ಹಾಲ್ಕೆರ ಎಂಬ ನೆಲೆಯಲ್ಲಿ 1910ರ ಆಸುಪಾಸಿನಲ್ಲಿ ಅವರು ಹುಟ್ಟಿದರು. ತಾರೀಖು ಬರೆದಿಟ್ಟವರಿಲ್ಲ. ಮಾತು ಅನ್ಮಜೆರ. ಅಲ್ಹಾಲ್ಕೆರ ಎಂದರೆ ಬರೀ ಜಾಗದ ಹೆಸರಲ್ಲ, ಅಲ್ಲಿಯ ಮೂಲಪುರುಷನೂ ಅದೇ. ಅಲ್ಲಿ ನಡುವೆ ತೂತು ಬಿದ್ದ ಒಂದು ಬಂಡೆ ಇದೆ, ಅದು ಆತನ ರೂಪ. ಆತನ ಗೌರವಕ್ಕೆ ಎಮಿಲಿಯವರ ಮೂಗಿನ ನಡುಗೋಡೆಯನ್ನು ಚುಚ್ಚಿದ್ದರು. ಅವರ ಫೋಟೋಗಳಲ್ಲಿ ನೋಡಿ, ಅಗಲವಾದ ಮುಖ, ತಲೆಗೆ ಸುತ್ತಿದ ಬಟ್ಟೆ, ಮೂಗಿನಲ್ಲಿ ಆ ತೂತು. ತಾನು ಯಾವ ಬಂಡೆಯವಳು ಎಂಬುದನ್ನು ಮುಖದ ಮೇಲೇ ಹೊತ್ತು ತಿರುಗಿದ ಹೆಂಗಸು.

ಅವರು ಬಿಳಿಯನನ್ನು ಮೊದಲ ಸಲ ಕಂಡಾಗ ಒಂಬತ್ತು ವರ್ಷದ ಹುಡುಗಿ ಎನ್ನುತ್ತಾರೆ. 1920ರ ದಶಕದ ಕೊನೆಗೆ ಆ ನೆಲವೆಲ್ಲ ದನ ಮೇಯಿಸುವ ದೊಡ್ಡ ಎಸ್ಟೇಟುಗಳಾಯಿತು. ಬಂದ ಬಿಳಿಯರು ತಮ್ಮ ಜಾಗಕ್ಕೆ ಇಟ್ಟುಕೊಂಡ ಹೆಸರೇ ಯುಟೋಪಿಯಾ, ಅಂದರೆ ಕಲ್ಪನೆಯ ಸುಖರಾಜ್ಯ. ನೆಲದ ಹಳೆಯ ಮಂದಿ ಅದೇ ನೆಲದಲ್ಲಿ ಕೂಲಿಗಳಾದರು. ಕೂಲಿ ಎಂದರೆ ಹಿಟ್ಟು, ಸಕ್ಕರೆ, ಚಹಾ, ತಂಬಾಕು. ಮೂಲನಿವಾಸಿ ದನಗಾಹಿಗಳಿಗೆ ಬಿಳಿಯರ ಸಮ ಸಂಬಳ ಕೊಡಬೇಕೆಂಬ ನಿಯಮ ಜಾರಿಗೆ ಬಂದದ್ದು 1968ರ ಕೊನೆಗೆ. ಅದು ಬಂದ ಮೇಲೆ ಅನೇಕ ಎಸ್ಟೇಟುಗಳವರು ಇವರನ್ನು ಕೆಲಸದಿಂದಲೇ ಬಿಡಿಸಿದರು. ನಿಜಾಮನ ಕಾಲದ ವೆಟ್ಟಿ ಬಿಟ್ಟಿಯ ಕತೆ ಮನೆಯ ಹಿರಿಯರ ಬಾಯಿಂದ ಕೇಳಿದ ನಮ್ಮವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಹೆಣ್ಣುಮಕ್ಕಳಿಗೆ ಅಲ್ಲಿ ಸಾಮಾನ್ಯವಾಗಿ ಸಿಗುತ್ತಿದ್ದದ್ದು ಮನೆಗೆಲಸ. ಎಮಿಲಿ ಗಟ್ಟಿಗಿತ್ತಿ. ಒಂಟೆ ಹೊಡೆದುಕೊಂಡು ಸಾಮಾನು ಸಾಗಿಸುವ ಕೆಲಸ ಮಾಡಿದರು. ಇಲ್ಲೊಂದು ಮಾತು ಸೇರಿಸಬೇಕು. ಆಸ್ಟ್ರೇಲಿಯಾಕ್ಕೆ ಒಂಟೆ ಹೆಚ್ಚಾಗಿ ಹೋದದ್ದು ನಮ್ಮ ಕಡೆಯಿಂದ. ಹತ್ತೊಂಬತ್ತನೆಯ ಶತಮಾನದಲ್ಲಿ ಬಲೂಚಿಸ್ತಾನ, ಪಂಜಾಬ, ಗಡಿನಾಡುಗಳಿಂದ ಒಂಟೆಗಳ ಜೊತೆ ಅವುಗಳನ್ನು ಪಳಗಿಸುವವರನ್ನೂ ಹಡಗು ಹತ್ತಿಸಿದ್ದರು. ಎಲ್ಲಿಂದ ಬಂದವರಾದರೂ ಅವರಿಗೆ ಅಲ್ಲಿ ಒಂದೇ ಹೆಸರು, ಅಫ್ಘಾನರು. ಮರುಭೂಮಿಯ ನಡುವೆ ಓಡುವ ರೈಲಿಗೆ ಇವತ್ತಿಗೂ ಅವರ ನೆನಪಿನ ಹೆಸರಿದೆ, ‘ಘಾನ್’.

ಎಮಿಲಿಗೆ ಹೊಟ್ಟೆಯ ಮಕ್ಕಳಿರಲಿಲ್ಲ. ಬಾರ್ಬರಾ ವಿಯರ್ ಎಂಬ ಹುಡುಗಿಯನ್ನು ಸಾಕಿದರು. ತಂದೆ ಬಿಳಿಯ, ತಾಯಿ ಮೂಲನಿವಾಸಿ. ಇಂಥ ಮಿಶ್ರ ಮಕ್ಕಳನ್ನು ಸರಕಾರ ಎಳೆದೊಯ್ದು ಆಶ್ರಮಗಳಲ್ಲಿಟ್ಟು ‘ಸುಧಾರಿಸುವ’ ಕಾಲ ಅದು. ಅಧಿಕಾರಿಗಳ ಗಾಡಿ ಬಂತೆಂದರೆ ಹುಡುಗಿಯನ್ನು ಅಡಗಿಸಿಡುತ್ತಿದ್ದರು. ಕೊನೆಗೊಂದು ದಿನ ಸಿಕ್ಕಿಬಿದ್ದಳು, ಒಯ್ದರು. ಆಗ ಅವಳಿಗೆ ಸುಮಾರು ಒಂಬತ್ತು ವರ್ಷ. ಅವಳು ದೊಡ್ಡವಳಾಗಿ ಹುಡುಕಿಕೊಂಡು ತಿರುಗಿ ಬಂದಾಗ ತಾಯ್ನುಡಿ ಮರೆತಿತ್ತು. ಅದನ್ನು ಮತ್ತೆ ಕಲಿತಳು. ಮುಂದೆ ಆಕೆಯೂ ಹೆಸರುವಾಸಿ ಚಿತ್ರಗಾರ್ತಿಯಾದಳು.

ಈಗ ನಾನು ಹೇಳಿದ ಬೇರಿನ ಸಂಬಂಧಕ್ಕೆ ಬರೋಣ.

ಎಮಿಲಿಯವರ ಹೆಸರಿನ ನಡುವೆ ‘ಕಾಮೆ’ ಎಂದಿದೆ. ಅದು ಅವರ ಸೀಮೆಯ ಒಂದು ಕಾಡುಗೆಣಸಿನ ಬೀಜಕ್ಕೂ ಹೂವಿಗೂ ಇರುವ ಹೆಸರು. ಗೆಣಸು ಎಂದರೆ ನಮ್ಮ ಸಂತೆಯ ದಪ್ಪ ಗೆಣಸಲ್ಲ. ಪೆನ್ಸಿಲಿನಷ್ಟು, ಹೆಚ್ಚೆಂದರೆ ಬೆರಳಿನಷ್ಟು ದಪ್ಪ. ಹಸಿಯಾಗಿ ತಿನ್ನಬಹುದು, ಬಿಸಿ ಬೂದಿಯಲ್ಲಿ ಸುಟ್ಟು ತಿನ್ನಬಹುದು. ಸಸ್ಯಶಾಸ್ತ್ರದವರು ಇದಕ್ಕೆ ಇಟ್ಟ ಹೆಸರು ವಿಗ್ನಾ ಲಾನ್ಸಿಯೊಲಾಟಾ. ಆ ಮೊದಲ ಪದವನ್ನು ಹಿಡಿದುಕೊಳ್ಳಿ. ನಮ್ಮ ಹೆಸರುಕಾಳು ವಿಗ್ನಾ ರೇಡಿಯಾಟಾ. ಉದ್ದು ವಿಗ್ನಾ ಮುಂಗೋ. ಅಲಸಂದಿ, ಮಡಕಿ ಕೂಡ ವಿಗ್ನಾಗಳೇ. ಅಂದರೆ ಮುಂಗಾರು ಬಿತ್ತೆಂದರೆ ಭಾಲ್ಕಿ, ಔರಾದ, ಕಮಲನಗರದ ಹೊಲಗಳಲ್ಲಿ ನಾವು ಬಿತ್ತುವ ಹೆಸರು ಉದ್ದಿನ ದಾಯಾದಿ ಅದು. ಆ ಮರುಭೂಮಿಯ ಅಜ್ಜಿ ಹೆಸರಿನ ಕುಲದ ಗಿಡವೊಂದನ್ನು ತನ್ನ ಹೆಸರಿನಲ್ಲೇ ಇಟ್ಟುಕೊಂಡಿದ್ದಳು.

ನಿಮ್ಮ ಹೊಲದ ಒಂದು ಹೆಸರಿನ ಗಿಡ ಕಿತ್ತು ನೋಡಿ. ಒಂದು ತೊಟ್ಟಿಗೆ ಮೂರೆಲೆ, ಹಳದಿ ಹೂವು, ತೆಳ್ಳನೆ ಬೇರು, ಬೇರಿಗೆ ಅಂಟಿಕೊಂಡ ಸಾಸಿವೆಯಂಥ ಗಂಟುಗಳು. ಆ ಮರುಭೂಮಿಯ ಬಳ್ಳಿಗೂ ಮೂರೆಲೆ, ಹಳದಿ ಹೂವು. ಬೇರು ಮಾತ್ರ ಬೇರೆ. ಮಳೆ ನಂಬುವಂತಿಲ್ಲದ ನೆಲ ನೋಡಿ, ಗಿಡ ತನ್ನ ಉಳಿತಾಯವನ್ನೆಲ್ಲ ನೆಲದಡಿ ಬೇರಿನಲ್ಲಿ ಊದಿಸಿಕೊಂಡು ಕೂರುತ್ತದೆ. ಮೇಲಿನ ಎಲೆ ಒಣಗಿ ಉದುರಿದರೂ ಒಳಗೆ ಗೆಣಸು ಇರುತ್ತದೆ. ಆಗ ಅದನ್ನು ಹುಡುಕುವುದು ಹೇಗೆ? ಬಿರುಕಿನಿಂದ. ಗೆಣಸು ಉಬ್ಬಿದಂತೆ ಮೇಲಿನ ಮಣ್ಣು ಸೀಳುತ್ತದೆ. ಹೆಂಗಸರು ಆ ಬಿರುಕು ನೋಡಿ ಕೋಲಿನಿಂದ ಅಗೆಯುತ್ತಾರೆ. ನಮ್ಮ ಎರಿ ಹೊಲ ಬಿರುಕು ಬಿಡುವುದು ತೇವ ಆರಿದಾಗ, ಒಳಗೆ ಏನೂ ಇಲ್ಲವೆಂದು. ಅವರ ನೆಲ ಬಿರುಕು ಬಿಡುವುದು ಒಳಗೆ ಊಟ ಇದೆಯೆಂದು. ಈ ಬಿರುಕುಗಳ ಜಾಲ, ಅದರ ಕೆಳಗಿನ ಬೇರುಗಳ ಜಾಲ, ಎಮಿಲಿಯವರ ಚಿತ್ರಗಳ ಗೆರೆಗಳೆಲ್ಲ ಇಲ್ಲಿಂದ ಎದ್ದವು.

ಅವರು ಗೆರೆ ಎಳೆಯಲು ಕಲಿತದ್ದು ಯಾವ ಶಾಲೆಯಲ್ಲೂ ಅಲ್ಲ, ಹೆಂಗಸರ ಮೈಮೇಲೆ. ಅವೆಲ್ಯ ಎಂಬುದು ಆ ಸೀಮೆಯ ಹೆಣ್ಣುಮಕ್ಕಳದೇ ಆದ ಆಚರಣೆ. ಕೆಂಪು, ಹಳದಿ, ಬಿಳಿ ಮಣ್ಣನ್ನು ಕೊಬ್ಬಿನಲ್ಲಿ ಕಲಸಿ ಎದೆಗೆ, ಭುಜಕ್ಕೆ, ತೋಳಿಗೆ ಪಟ್ಟೆ ಪಟ್ಟೆಯಾಗಿ ಬಳಿಯುತ್ತಾರೆ. ಬಳಿಯುವಾಗ ಹಾಡಬೇಕು. ಹಾಡು ತಪ್ಪಿದರೆ ಪಟ್ಟೆಗೆ ಅರ್ಥವಿಲ್ಲ. ಆಮೇಲೆ ಬರಿಗಾಲಿನಲ್ಲಿ ನೆಲ ಒದ್ದು ಕುಣಿಯುತ್ತಾರೆ. ನೆಲ ಆರೋಗ್ಯವಾಗಿರಲಿ, ಗೆಣಸು ಕೊಬ್ಬಲಿ, ಮಕ್ಕಳು ಸುಖವಾಗಿರಲಿ ಎಂದು ಈ ಕುಣಿತ. ಎಳ್ಳಮಾಸಿಯ ದಿನ ಭಜ್ಜಿ, ಅಂಬಲಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಜೋಳದ ದಂಟಿನ ಗುಡಿಸಲಲ್ಲಿ ಪಾಂಡವರ ಕಲ್ಲು ಪೂಜಿಸಿ, ಕೂಗುತ್ತ ಹೊಲದ ಸುತ್ತ ಚರಗ ಚೆಲ್ಲುವ ನಮ್ಮವರಿಗೆ ಆ ಕುಣಿತದ ಮರ್ಮ ತಿಳಿಯುವುದು ಕಷ್ಟವಲ್ಲ. ಎಮಿಲಿ ಅಲ್ಹಾಲ್ಕೆರದ ಹಿರಿಯಳು, ಅಂದರೆ ಆ ನೆಲದ ಹಾಡು, ಪಟ್ಟೆ, ಕುಣಿತಗಳ ಜವಾಬ್ದಾರಿ ಅವರ ಮೇಲಿತ್ತು. ಚಿತ್ರಗಾರ್ತಿ ಆಮೇಲೆ, ಮೊದಲು ಈ ಜವಾಬ್ದಾರಿಯ ಹೆಂಗಸು.

1976ರಲ್ಲಿ, ಯುಟೋಪಿಯಾ ಇರುವ ಉತ್ತರ ಪ್ರಾಂತ್ಯದ ಮೂಲನಿವಾಸಿಗಳಿಗೆ ಭೂಹಕ್ಕಿನ ಕಾನೂನು ಬಂತು. ಕಾಗದ ಪತ್ರ, ಪಹಣಿ ಇಲ್ಲದ ಜನ ನೆಲ ತಮ್ಮದೆಂದು ತೋರಿಸುವುದು ಹೇಗೆ? ಯಾವ ಹಾಡು ಯಾವ ಕುಣಿಗೆ, ಯಾವ ಪಟ್ಟೆ ಯಾವ ಗುಡ್ಡಕ್ಕೆ ಸೇರಿದ್ದು ಎಂಬ ತಿಳಿವಳಿಕೆಯೇ ಅಲ್ಲಿ ಸಾಕ್ಷಿಯಾಯಿತು. ನೆಲ ಅವರ ಕೈಗೆ ತಿರುಗಿ ಬಂತು. ಎಮಿಲಿಯವರ ಗೆರೆಗಳನ್ನು ನಾನು ದಸ್ತಾವೇಜು ಎನ್ನಲು ಕಾರಣ ಇದೇ.

ಅದೇ ಹೊತ್ತಿನಲ್ಲಿ, 1977ರ ಸುಮಾರಿಗೆ, ಹೆಂಗಸರಿಗೆ ಬಾಟಿಕ್ ಹೇಳಿಕೊಡಲು ಕೆಲವರು ಬಂದರು. ಬಟ್ಟೆಯ ಮೇಲೆ ಕಾಯಿಸಿದ ಮೇಣದಿಂದ ಬರೆದು, ಬಣ್ಣದಲ್ಲಿ ಅದ್ದಿ, ಕುದಿಸಿ ಮೇಣ ತೆಗೆಯುವ ಜಾವಾ ದ್ವೀಪದ ಪದ್ಧತಿ. ಎಮಿಲಿ ಆ ಗುಂಪಿನ ಮೊದಲಿಗರಲ್ಲೊಬ್ಬರು. ಹತ್ತು ವರ್ಷ ಅದನ್ನು ಮಾಡಿದರು. 1988ರಲ್ಲಿ ಯುಟೋಪಿಯಾದ 88 ಮಂದಿ ಬರೆದ 88 ರೇಷ್ಮೆ ಬಟ್ಟೆಗಳ ಇಡೀ ಸಂಗ್ರಹವನ್ನೇ ರಾಬರ್ಟ್ ಹೋಮ್ಸ್ ಎ ಕೋರ್ಟ್ ಎಂಬ ಶ್ರೀಮಂತ ಕೊಂಡುಕೊಂಡ.

ಆ ಬಾಟಿಕ್ ವ್ಯವಹಾರ ನೋಡಿಕೊಳ್ಳುತ್ತಿದ್ದ ಅಂಗಡಿ ಯಾರದು ಗೊತ್ತೆ? ಒಂದು ಬಾನುಲಿಯದು. ಆಲಿಸ್ ಸ್ಪ್ರಿಂಗ್ಸಿನಲ್ಲಿ 1980ರಲ್ಲಿ ಹುಟ್ಟಿದ, ಮೂಲನಿವಾಸಿಗಳದೇ ಆದ ‘ಕಾಮಾ’ ಎಂಬ ಮಾಧ್ಯಮ ಸಂಘ ತಮ್ಮ ಭಾಷೆಗಳಲ್ಲಿ ರೇಡಿಯೋ ನಡೆಸುತ್ತಿತ್ತು. ಅದರ ಅಂಗಡಿಯ ಉಸ್ತುವಾರಿ ರಾಡ್ನಿ ಗೂಚ್. 1988ರ ಕೊನೆಗೆ ಆತ ನೂರು ಕ್ಯಾನ್ವಾಸು, ಅಕ್ರಿಲಿಕ್ ಬಣ್ಣ ಕಟ್ಟಿಕೊಂಡು ಹೋಗಿ ಯುಟೋಪಿಯಾದ ಮನೆಮನೆಗೆ ಹಂಚಿದ. ಸ್ವಲ್ಪ ದಿನ ಬಿಟ್ಟು ಹೋದಾಗ 81 ಚಿತ್ರ ತಯಾರಾಗಿದ್ದವು. ಅದರಲ್ಲೊಂದು ಎಮಿಲಿಯವರ ಮೊದಲ ಕ್ಯಾನ್ವಾಸು, ‘ಈಮು ಹೆಂಗಸು’. ಉಳಿದವರೆಲ್ಲ ಒಂದು ತೂಕವಾದರೆ ಇದೊಂದು ಬೇರೆ ತೂಕ ಎಂದು ನೋಡಿದವರಿಗೆ ಅವತ್ತೇ ಗೊತ್ತಾಯಿತು. ಮರುವರ್ಷ ಸಿಡ್ನಿಯಲ್ಲಿ ಪ್ರದರ್ಶನ, 1990ರಲ್ಲಿ ಅವರೊಬ್ಬರದೇ ಪ್ರದರ್ಶನ.

ಬಾಟಿಕ್ ಬಿಟ್ಟು ಕ್ಯಾನ್ವಾಸಿಗೆ ಯಾಕೆ ಬಂದಿರಿ ಎಂದು ಕೇಳಿದವರಿಗೆ ಎಮಿಲಿ ಕೊಟ್ಟ ಉತ್ತರ ನನಗೆ ಬಹಳ ಹಿಡಿಸಿತು. ಕಲೆಯ ಕರೆ ಗಿರೆ ಎಂದೇನೂ ಹೇಳಲಿಲ್ಲ. ಬೆಂಕಿ ಹಚ್ಚು, ನೀರು ಕಾಯಿಸು, ಸೋಪಿನ ಪುಡಿ ಹಾಕಿ ಕುದಿಸು, ಒಗಿ, ಮತ್ತೆ ಕುದಿಸು, ಈ ತಾಪತ್ರಯ ಸಾಕಾಗಿ ಹೋಗಿತ್ತು, ಕಣ್ಣೂ ಮಂಜಾಗುತ್ತಿತ್ತು, ನಾನು ಸೋಮಾರಿಯಾದೆ ಎಂಬ ಅರ್ಥದಲ್ಲಿ ಹೇಳಿದರು. ಎಂಬತ್ತರ ಹೊಸ್ತಿಲಲ್ಲಿ ಸೋಮಾರಿಯಾಗಿ ದಿನಕ್ಕೊಂದು ಚಿತ್ರ!

ಮರುಭೂಮಿಯ ಚಿತ್ರ ಎಂದರೆ ಚುಕ್ಕಿ ಚಿತ್ರ ಎಂದು ಹೆಸರಾಗಿದೆ. ಅದರ ಕತೆ ಬೇರೆ. ಆಲಿಸ್ ಸ್ಪ್ರಿಂಗ್ಸಿನ ಪಶ್ಚಿಮಕ್ಕೆ ಪಾಪುನ್ಯಾ ಎಂಬಲ್ಲಿ 1971ರಲ್ಲಿ ಜೆಫ್ರಿ ಬಾರ್ಡನ್ ಎಂಬ ಶಾಲಾ ಮಾಸ್ತರರ ಉತ್ತೇಜನದಿಂದ ಹಿರಿಯ ಗಂಡಸರು ಶಾಲೆಯ ಗೋಡೆಗೆ ಜೇನಿರುವೆಯ ಚಿತ್ರ ಬರೆದರು. ಮರುವರ್ಷ ಚಿತ್ರಗಾರರೇ ಒಡೆಯರಾದ ಕಂಪನಿ ಹುಟ್ಟಿತು. ಗುಟ್ಟಿನ ಆಚರಣೆಗಳ ಗುರುತುಗಳನ್ನು ಪರರ ಕಣ್ಣಿನಿಂದ ಮರೆಮಾಡಲು ಚುಕ್ಕಿಗಳು ಹೆಚ್ಚಿದವು ಎನ್ನುತ್ತಾರೆ. ಅಂದ ಹಾಗೆ, ಕೆಲವು ವರ್ಷಗಳಲ್ಲೇ ಶಾಲೆಯ ಆ ಗೋಡೆಗೆ ಸರಕಾರಿ ಬಣ್ಣ ಹೊಡೆದು ಚಿತ್ರ ಅಳಿಸಿಬಿಟ್ಟರು.

ಎಮಿಲಿಯವರೂ ಮೊದಲು ಚುಕ್ಕಿ ಇಟ್ಟರು, ಆದರೆ ಅಚ್ಚುಕಟ್ಟಾಗಿ ಅಲ್ಲ. ಬ್ರಶ್ಶನ್ನು ಬಣ್ಣದಲ್ಲಿ ಅದ್ದಿ ಕ್ಯಾನ್ವಾಸಿಗೆ ಕುಟ್ಟುತ್ತಿದ್ದರು. ಕೂದಲು ಚದುರಿ ಚುಕ್ಕಿ ಹೂವಾಗುತ್ತಿತ್ತು. ಒಂದರ ಮೇಲೊಂದು ಬಣ್ಣ, ಕೆಳಗೆ ಗೆಣಸಿನ ಬಳ್ಳಿಯ ಗೆರೆ ಮುಳುಗಿಹೋಗುವವರೆಗೆ. 1994ರ ಸುಮಾರಿಗೆ ಚುಕ್ಕಿ ಬಿಟ್ಟು ಬರಿ ಪಟ್ಟೆ, ಅವೆಲ್ಯದ ಮೈಪಟ್ಟೆ. ಆಮೇಲೆ ಪಟ್ಟೆ ಬಿಟ್ಟು ತಡೆಯಿಲ್ಲದೆ ಸುತ್ತುವ ಬೇರುಗೆರೆ. ಮಾರುವವರು ಹಳೆಯ ಥರದ್ದೇ ಬೇಕೆಂದು ಕಾದಿದ್ದರೂ ಅವರು ಎರಡು ಮೂರು ವರ್ಷಕ್ಕೊಮ್ಮೆ ಪೂರ್ತಿ ಬದಲಾದರು.

ಈ ಬೇರುಗೆರೆಯ ದೊಡ್ಡ ಚಿತ್ರ 1995ರದ್ದು. ಹೆಸರು ‘ದೊಡ್ಡ ಗೆಣಸಿನ ಕನಸು’ ಎಂದಿಟ್ಟುಕೊಳ್ಳೋಣ, ಇರುವುದು ಮೆಲ್ಬರ್ನಿನ ವಿಕ್ಟೋರಿಯಾ ರಾಷ್ಟ್ರೀಯ ಗ್ಯಾಲರಿಯಲ್ಲಿ. ಅಗಲ ಸುಮಾರು ಹತ್ತಡಿ, ಉದ್ದ ಇಪ್ಪತ್ತಾರಡಿ. ಕಪ್ಪು ಬಳಿದ ಬಟ್ಟೆ ನೆಲದ ಮೇಲೆ ಹಾಸಿತ್ತು. ಅಜ್ಜಿ ಅದರ ಮೇಲೇ ಚಕ್ಕಳಮಕ್ಕಳ ಹಾಕಿ ಕುಳಿತು ಬಿಳಿ ಬಣ್ಣದಲ್ಲಿ ಗೆರೆ ಎಳೆಯುತ್ತ ಹೋದರು. ಎರಡು ದಿನಕ್ಕೆ ಮುಗಿಯಿತು. ದೂರ ನಿಂತು ಅಳೆಯಲಿಲ್ಲ, ಅಳಿಸಿ ತಿದ್ದಲಿಲ್ಲ. ಗೆರೆ ಹೋಗುತ್ತದೆ, ತಿರುಗುತ್ತದೆ, ಇನ್ನೊಂದು ಗೆರೆಯನ್ನು ಹಾಯುತ್ತದೆ. ಎಲ್ಲೂ ಗಂಟು ಬೀಳುವುದಿಲ್ಲ, ಎಲ್ಲೂ ಖಾಲಿ ಬಿಡುವುದಿಲ್ಲ. ಅವರ ಬಹಳ ಚಿತ್ರಗಳಿಗೆ ಮೇಲು ಕೆಳಗು ಎಂಬುದಿಲ್ಲ, ನೆಲದ ಮೇಲೆ ಎಲ್ಲ ಕಡೆಯಿಂದ ಬರೆದದ್ದು ತಾನೆ.

ಈ ಚಿತ್ರದ ಅಚ್ಚೊಂದನ್ನು ನಾನು ಠಾಣಾ ಕುಶನೂರಿನ ಹೊರವಲಯದ ಹೊಲದಲ್ಲಿ, ಉದ್ದಿನ ಸಾಲಿನಲ್ಲಿ ಕುರ್ಪಿ ಹಿಡಿದು ಕಸ ತೆಗೆಯುತ್ತಿದ್ದ ಹೆಣ್ಣುಮಕ್ಕಳಿಗೆ ಬುತ್ತಿ ಬಿಚ್ಚುವ ಹೊತ್ತಿನಲ್ಲಿ ತೋರಿಸಿದೆ. ಏನೆಂದು ಮೊದಲೇ ಹೇಳಲಿಲ್ಲ. ಒಬ್ಬಾಕೆ ಹಾಳೆಯನ್ನು ಅತ್ತಿತ್ತ ತಿರುವಿ, “ಇದು ನೆಲದಾಗಿಂದು ಅದರಿ ಸರ್, ಮ್ಯಾಲಿಂದಲ್ಲ” ಅಂದಳು. ವಯಸ್ಸಾದ ಇನ್ನೊಬ್ಬಾಕೆ ಕಣ್ಣು ಕಿರಿದು ಮಾಡಿ ನೋಡಿ, “ಕರಿಕಿ ಬೇರು ಹಿಂಗೇ ಓಡ್ತಾವ. ಎಷ್ಟ ಕಿತ್ತರೂ ಮುಗ್ಯಂಗಿಲ್ಲ. ಯಾರ್ರೀ ಇದನ್ನ ಬರ್ದಾಕಿ?” ಎಂದು ಕೇಳಿದಳು. ಬರೆದವರು ಹೆಂಗಸು ಎಂದು ನಾನು ಹೇಳಿರಲಿಲ್ಲ.

ಇದೇ ಚಿತ್ರದ ಮುಂದೆ ಪೇಟೆಯ ವಿಮರ್ಶಕರು ಬೇರೆ ಮಾತು ಆಡಿದರು. ಅಮೂರ್ತ ಎಂದರು. ಅಮೆರಿಕದ ಜಾಕ್ಸನ್ ಪೊಲಾಕ್, ಫ್ರಾನ್ಸಿನ ಮೊನೆ, ಇವರ ಸಾಲಿಗೆ ಹಚ್ಚಿದರು. 2008ರಲ್ಲಿ ಜಪಾನಿನ ಒಸಾಕಾ, ಟೋಕಿಯೋಗಳಲ್ಲಿ ಅವರ ಭಾರೀ ಪ್ರದರ್ಶನ ನಡೆಯಿತು. ಅದನ್ನು ರೂಪಿಸಿದವರಲ್ಲೊಬ್ಬರಾದ ಅಕಿರಾ ತಾತೆಹಾತಾ, ಪಶ್ಚಿಮದ ಆಧುನಿಕ ಚಿತ್ರಕಲೆಯನ್ನು ಕಂಡೇ ಇರದ ಈಕೆ ಅದರ ಶಿಖರದ ಮಟ್ಟಕ್ಕೆ ಹೇಗೆ ಏರಿದಳು ಎಂದು ಬೆರಗಾದರು. ಬೆರಗು ಪ್ರಾಮಾಣಿಕವೇ. ಹೊಗಳಿಕೆಯೂ ಹೌದು. ಆದರೂ ನನಗೆ ಆ ಹೊಗಳಿಕೆಯಲ್ಲೊಂದು ಕೊರತೆ ಕಾಣುತ್ತದೆ. ಅಮೂರ್ತ ಎನ್ನುವುದು ನೋಡುವವನಿಗೆ ವಸ್ತು ಕಾಣದಿದ್ದಾಗ ಆಡುವ ಮಾತು. ಬರೆದವರಿಗೆ ವಸ್ತು ಬೆರಳ ತುದಿಯಲ್ಲಿತ್ತು. ನೀವು ಏನು ಬರೆಯುತ್ತೀರಿ ಎಂದು ಕೇಳಿದರೆ ಎಮಿಲಿ ಒಂದೇ ಉತ್ತರ ಹೇಳುತ್ತಿದ್ದರು, ಎಲ್ಲವನ್ನೂ. ಆಮೇಲೆ ಪಟ್ಟಿ ಕೊಡುತ್ತಿದ್ದರು: ಗೆಣಸು, ಬೆಟ್ಟದ ಮುಳ್ಳು ಹಲ್ಲಿ, ಹುಲ್ಲಿನ ಬೀಜ, ಈಮು ಹಕ್ಕಿ, ಅದು ತಿನ್ನುವ ಗಿಡ, ಹಸಿ ಕಾಳು. ಅದು ಹೊಲದವರು ಹೇಳುವ ಪಟ್ಟಿ. ಇದನ್ನು ಓದಲು ಪೊಲಾಕ್ ಗೊತ್ತಿರಬೇಕಾಗಿಲ್ಲ, ಕರಿಕಿ ಬೇರು ಗೊತ್ತಿದ್ದರೆ ನಡೆಯುತ್ತದೆ ಎಂಬುದು ನನ್ನ ವಾದ.

ನಮ್ಮ ರಾಜ್ಯದಲ್ಲೇ ಇದಕ್ಕೆ ಹತ್ತಿರದ್ದು ಸಾಗರ ಸೀಮೆಯ ದೀವರ ಹೆಣ್ಣುಮಕ್ಕಳ ಹಸೆ ಚಿತ್ತಾರ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚ, ಮದುವೆಯ ಹೊತ್ತಿಗೆ ಹಾಡಿನ ಜತೆ ಬರೆಯುವ ಗೆರೆ. ಅದೂ ಗೋಡೆಯಿಂದ ಇಳಿದು ಕಾಗದಕ್ಕೆ, ಬಟ್ಟೆಗೆ, ಮಾರಾಟದ ಅಂಗಡಿಗೆ ಬಂದಿದೆ. ಆದರೆ ಚಿತ್ತಾರದ ಗೆರೆ ಲೆಕ್ಕದ ಗೆರೆ, ಒಂದು ಎಳೆ ತಪ್ಪುವಂತಿಲ್ಲ. ಎಮಿಲಿಯವರದ್ದು ಓಟದ ಗೆರೆ. ನೆಲ ಬಿಟ್ಟರೆ ಕೈ ನಡೆಯದ ಕಲೆಗೆ ಬೀದರಿನವರು ದೂರ ಹೋಗಬೇಕಾಗಿಲ್ಲ, ಬಿದ್ರಿಯ ಲೋಹದ ಸಾಮಾನನ್ನು ಕರಿದು ಮಾಡುವುದು ಕೋಟೆಯ ಮಣ್ಣಿನಿಂದಲೇ. ಹಳೆಯ ಕೈಗಳು ಆ ಮಣ್ಣನ್ನು ನಾಲಿಗೆಗೆ ಹಚ್ಚಿ ಪರೀಕ್ಷೆ ಮಾಡುತ್ತವೆ. 2023ರಲ್ಲಿ ನಮ್ಮ ಬಿದ್ರಿ ಕಲೆಗಾರ ಷಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದಾಗ ಆ ಮಣ್ಣಿನ ಮಾತೂ ಎಲ್ಲೆಡೆ ಬಂತು.

ಇನ್ನು ದುಡ್ಡಿನ ಮಾತು. ಕೇಳಲು ಅಷ್ಟು ಚೆನ್ನಾಗಿಲ್ಲ, ಆದರೆ ಬಿಡುವಂತಿಲ್ಲ. ಪಾಪುನ್ಯಾದ ಕ್ಲಿಫರ್ಡ್ ಪಾಸಮ್ 1977ರಲ್ಲಿ ಬರೆದ ಒಂದು ದೊಡ್ಡ ಚಿತ್ರ ಆಗ 1200 ಡಾಲರಿಗೆ ಹೋಗಿತ್ತು. 2007ರಲ್ಲಿ ಹರಾಜಿನಲ್ಲಿ 24 ಲಕ್ಷ ಡಾಲರ್ ಮುಟ್ಟಿತು. ಎಮಿಲಿಯವರು 1994ರಲ್ಲಿ ಬರೆದ, ನಾಲ್ಕು ತುಂಡು ಜೋಡಿಸಿದ ‘ಭೂಮಿಯ ಸೃಷ್ಟಿ’ ಎಂಬ ಚಿತ್ರ ಅದೇ 2007ರಲ್ಲಿ ಹತ್ತು ಲಕ್ಷ ಡಾಲರ್ ದಾಟಿತು, 2017ರಲ್ಲಿ 21 ಲಕ್ಷ. ಅವರು ಬದುಕಿದ್ದಾಗಲೂ ಹಣ ಬಂತು, ಬರಲಿಲ್ಲವೆಂದಲ್ಲ. ಆದರೆ ಅದು ಅವರ ಕೈಯಲ್ಲಿ ನಿಲ್ಲಲಿಲ್ಲ. ಅಲ್ಲಿಯ ಬಂಧುಧರ್ಮದಲ್ಲಿ ಒಬ್ಬರ ಗಳಿಕೆ ಹತ್ತಾರು ಜನರ ಪಾಲು. ಕಾರು ಕೊಡಿಸು, ಊಟಕ್ಕೆ ಕೊಡು ಎಂದು ಬಂದವರಿಗೆ ಇಲ್ಲವೆನ್ನುವುದು ಹಿರಿಯಳಿಗೆ ಶೋಭಿಸುವ ಮಾತಲ್ಲ. ವ್ಯಾಪಾರಿಗಳು ಕ್ಯಾನ್ವಾಸಿನ ಸುರುಳಿ ಹಿಡಿದು ಸಾಲುಗಟ್ಟಿದರು. ಕೆಲವರು ನಿಯತ್ತಿನವರು, ಕೆಲವರು ಅಲ್ಲ. ಅವರ ಹೆಸರಿನ ನಕಲಿ ಚಿತ್ರಗಳೂ ಪೇಟೆಗೆ ಬಂದವು. 3000 ಚಿತ್ರಗಳೂ ಒಂದೇ ಎತ್ತರದವು ಎಂದು ನಾನು ಹೇಳುವುದಿಲ್ಲ. ಒತ್ತಾಯಕ್ಕೆ ಬರೆದದ್ದು ಒತ್ತಾಯಕ್ಕೆ ಬರೆದಂತೆಯೇ ಕಾಣುತ್ತದೆ.

ಮನ್ನಣೆಗಳೂ ಬಂದವು. 1992ರಲ್ಲಿ ಆಸ್ಟ್ರೇಲಿಯಾ ಸರಕಾರದ ದೊಡ್ಡ ಸೃಜನಶೀಲ ಫೆಲೋಶಿಪ್ ಸಿಕ್ಕಿತು. 1997ರ ವೆನಿಸ್ ಬಿಯೆನಾಲೆಯಲ್ಲಿ ಆಸ್ಟ್ರೇಲಿಯಾದ ಪರವಾಗಿ ಅವರ ಚಿತ್ರಗಳು ನಿಂತವು, ಆದರೆ ಅಷ್ಟರಲ್ಲಿ ಅವರಿರಲಿಲ್ಲ.

1996ರ ಆಗಸ್ಟ್. ದೇಹ ಸೋತಿತ್ತು. ಹಳೆಯ ಬ್ರಶ್ಶುಗಳು ಬೇಡವೆಂದರು. ಕ್ಯಾನ್ವಾಸಿಗೆ ಅಸ್ತರಿನ ಬಿಳಿ ಬಳಿಯುವ ಅಗಲವಾದ ಪಟ್ಟಿ ಬ್ರಶ್ಶು ಅಲ್ಲಿತ್ತು. ಅದನ್ನೇ ಎತ್ತಿಕೊಂಡು ಮೂರು ದಿನದಲ್ಲಿ 24 ಚಿತ್ರ ಬರೆದರು. ಈ ಸಲ ಚುಕ್ಕಿ ಇಲ್ಲ, ಪಟ್ಟೆ ಇಲ್ಲ, ಬೇರೂ ಇಲ್ಲ. ಗುಲಾಬಿ, ನೀಲಿ, ಬಿಳಿ, ಕೆಂಪು, ಒಂದೊಂದು ಎಳೆತ ಅಂಗೈ ಅಗಲ, ಒಂದಕ್ಕೊಂದು ತಾಗಿ ಹರಡಿದ ಬಣ್ಣ. ಬೇರುಗಳನ್ನು ಅಷ್ಟು ವರ್ಷ ಬರೆದವರು ಕೊನೆಗೆ ಬರಿ ಮಣ್ಣನ್ನು ಬರೆದರು ಎಂದು ನಾನು ಓದಿಕೊಳ್ಳುತ್ತೇನೆ. ಇದನ್ನು ಒಪ್ಪದವರಿದ್ದಾರೆ, ಸುಸ್ತಾದ ಕೈಯ ಕೆಲಸ ಎನ್ನುವವರೂ ಇದ್ದಾರೆ. ಆ ಸರಣಿಯ ಕೆಲವನ್ನು ನೋಡಿದರೆ ಸುಸ್ತು ಕಾಣುವುದಿಲ್ಲ, ಅವಸರ ಕಾಣುತ್ತದೆ. ಅದಾದ ಎರಡು ವಾರದ ಆಸುಪಾಸಿನಲ್ಲಿ, ಸೆಪ್ಟೆಂಬರ್ ಮೊದಲ ವಾರದಲ್ಲಿ, ಆಲಿಸ್ ಸ್ಪ್ರಿಂಗ್ಸಿನಲ್ಲಿ ತೀರಿಕೊಂಡರು.

ಅವರ ಮೇಲೆ ದೊಡ್ಡ ಪ್ರದರ್ಶನಗಳು ಆಮೇಲೂ ನಡೆದವು. 2023ರ ಕೊನೆಗೆ ಕ್ಯಾನ್‌ಬೆರಾದ ರಾಷ್ಟ್ರೀಯ ಗ್ಯಾಲರಿ ಮಾಡಿದ ಪ್ರದರ್ಶನವನ್ನು ರೂಪಿಸಿದವರು ಕೆಲಿ ಕೋಲ್ ಮತ್ತು ಹೆಟ್ಟಿ ಪರ್ಕಿನ್ಸ್. ಇಬ್ಬರೂ ಮೂಲನಿವಾಸಿ ಹೆಣ್ಣುಮಕ್ಕಳು. ಯುಟೋಪಿಯಾಕ್ಕೆ ಹೋಗಿ, ಎಮಿಲಿಯವರ ಮೊಮ್ಮಕ್ಕಳ ಸಾಲಿನವರ ಜತೆ ಕೂತು, ಯಾವ ಚಿತ್ರ ಯಾವ ನೆಲದ್ದು, ಯಾವ ಗಿಡದ್ದು, ಯಾವ ಹಾಡಿನದ್ದು ಎಂದು ಕೇಳಿ ಕೇಳಿ ಜೋಡಿಸಿದರು. ಹೆಸರಿನ ಕಾಗುಣಿತವನ್ನೂ ಅಲ್ಲಿಯ ಉಚ್ಚಾರಕ್ಕೆ ತಕ್ಕಂತೆ ತಿದ್ದಿ ಬರೆದರು. 2025ರ ಜುಲೈಯಲ್ಲಿ ಅವರ ಕೃತಿಗಳ ಪ್ರದರ್ಶನ ಲಂಡನ್ನಿನ ಟೇಟ್ ಮಾಡರ್ನ್ ಗ್ಯಾಲರಿಯಲ್ಲೂ ತೆರೆಯಿತು. ಯುರೋಪಿನಲ್ಲಿ ಇವರೊಬ್ಬರದೇ ಇಷ್ಟು ದೊಡ್ಡ ಪ್ರದರ್ಶನ ಅದೇ ಮೊದಲು. ಯುಟೋಪಿಯಾದಲ್ಲಿ ಈಗಲೂ ಹೆಂಗಸರು ಚಿತ್ರ ಬರೆಯುತ್ತಾರೆ. ಮಳೆ ಬಿದ್ದ ವರ್ಷ ಗೆಣಸು ಅಗೆಯಲು ಹೋಗುತ್ತಾರೆ, ಹೋಗುವಾಗ ಮಕ್ಕಳನ್ನೂ ಕರೆದುಕೊಂಡು ಹೋಗುತ್ತಾರೆ, ಬಿರುಕು ನೋಡುವುದನ್ನು ಕಲಿಸಬೇಕಲ್ಲ.